ಕರ್ನಾಟಕ ಸಂಘವೂ ವಿದ್ಯಾರ್ಥಿಗಳ ಬರವಣಿಗೆಯೂ

ವಿದ್ಯೆಯು ಕೇಳುವದರಿಂದ ಆರಂಭವಾಗಿ, ಹೇಳುವದರಿಂದ ಬೆಳೆದು, ಬರೆಯುವದರಿಂದ ನೆಲೆಗೊಳ್ಳುವದು. ಕೇಳಿದ ಮಾತು ಮರೆತು ಹೋಗಬಹುದು. ಹೇಳಿದ ಮಾತು ಗಾಳಿಯಲ್ಲಿ ಕರಗಿ ಹೋಗಬಹುದು. ಬರೆದಿಟ್ಟ ಮಾತಾದರೋ ಬರೆದವನ ತರುವಾಯವೂ ಉಳಿದು ಅವನ ತಿಳಿವಳಿಕೆಗೆ ಸಾಕ್ಷಿಯಾಗಿ ನಿಲ್ಲುವದು. ಮಲಪ್ರಭೆಯ ದಡದ ಮೇಲಿರುವ ಮನೋಳಿಯ ಸದ್ಭಕ್ತರಿಗೆ ಈ ಮಾತಿಗೆ ಬೇರೆ ನಿದರ್ಶನವನ್ನು ಕೊಡಬೇಕಾದುದಿಲ್ಲ. ಇಲ್ಲಿಯ ಪಂಚಲಿಂಗೇಶ್ವರ ದೇವಾಲಯದಲ್ಲಿ ದೇವಗಿರಿಯ ಯಾದವರ ಕಾಲದ, ಅಂದರೆ ೧೩ನೆಯ ಶತಮಾನದ ಶಿಲಾಲೇಖವು ದೊರೆತಿರುವದು. ದಾನ ಕೊಟ್ಟವರು ಹೋದರು, ದಾನ ಕೊಂಡವರು ಹೋದರು, ಆಳಿದ ಅರಸುಮನೆತನವೂ ಅಳಿಯಿತು; ಕಲ್ಲಿನ ಮೇಲಿನ ಅಕ್ಷರವೊಂದೇ ಏಳು ನೂರು ವರ್ಷಗಳ ಮೇಲ್ಪಟ್ಟು ಬಾಳಿ ಬಂದಿರುವದು.

ಈ ಪ್ರಾಂತದಲ್ಲಿ ಬರವಣಿಗೆಗೆ ಮೊದಲನೆಯ ಮನೆಯೆಂದರೆ ಮಠವೇ. ಹಿಂದಿನ ಕಾಲದಲ್ಲಿ 'ಮಠ'ವೆಂಬ ಶಬ್ದಕ್ಕೆ ಶಾಲೆಯೆಂಬ ಅರ್ಥವೂ ರೂಢವಾಗಿತ್ತು. ಊರ ಅಯ್ಯಗಳು ಅಕ್ಷರ ಕಲಿಸುತ್ತಿದ್ದ ಜಗಲಿಯೂ ಮಠವೇ. ಕಾಳುಕಡಿ ಕೊಟ್ಟು ಮಕ್ಕಳನ್ನು ಓದಿಸುತ್ತಿದ್ದ ಸ್ಥಳವು ಕೂಲಿಮಠ. ೧೮೬೫ರ ಸುಮಾರಿಗೆ ವಿದ್ಯಾಖಾತೆಯವರು ಬೆಳಗಾವಿಯಿಂದ ಶಿಕ್ಷಕರ ಸಲುವಾಗಿ ಹೊರಡಿಸಿದ ಪತ್ರಿಕೆಗೆ 'ಮಠಪತ್ರಿಕೆ'ಯೆಂದು ಹೆಸರಿಟ್ಟದ್ದೂ ಈ ಅರ್ಥದಿಂದಲೇ. ಆ ಮಠಗಳಲ್ಲಿ ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದುವರು. ತರುವಾಯ ಹಲಗೆಯ ಮೇಲೆಯೂ ಕಡತದ ಮೇಲೆಯೂ ಬಳಪದಿಂದ ಬರೆಯುವರು. ದೊಡ್ಡವರು ಶರಣರ ವಚನಗಳನ್ನೂ ಪುರಾಣಗಳನ್ನೂ ತಾಳೆಗರಿಗಳ ಮೇಲೆ ಪ್ರತಿ ಮಾಡಿ, ಪೂಜೆಯ ವಸ್ತುಗಳೊಡನೆ ಕಾಯ್ದಿಟ್ಟರು. ವಿಜಾಪುರದ ಡಾ. ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಓಲೆಗಟ್ಟುಗಳನ್ನು ಹುಡುಕಿ ೧೯೨೩ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಲು ಶಕ್ತರಾದದ್ದು ಹೀಗೆ ಪ್ರತಿ ಮಾಡಿದ ಹೆಸರಿಲ್ಲದ ಕೈಗಳ ಪುಣ್ಯದಿಂದಲೇ ಎಂಬುದನ್ನು ಮರೆಯಲಾಗದು.

ಆದರೆ ಆ ಬರವಣಿಗೆಯು ಬಹುಮಟ್ಟಿಗೆ ಹಿರಿಯರ ಮಾತನ್ನು ಕಾಯುವ ಬರವಣಿಗೆ. ಕಾಲವು ಬದಲಾಗಿ ಇಂಗ್ಲೀಷ ಶಾಲೆಗಳೂ ಕಾಲೇಜುಗಳೂ ಬಂದ ಮೇಲೆ ಬೇರೊಂದು ಪ್ರಶ್ನೆಯು ತಲೆದೋರಿತು. ತನ್ನ ಮನಸ್ಸಿನಲ್ಲಿ ಹುಟ್ಟಿದ ವಿಚಾರವನ್ನು ತನ್ನ ತಾಯಿನುಡಿಯಲ್ಲಿ, ಓದಿದವರಿಗೆ ತಿಳಿಯುವಂತೆ, ತಪ್ಪಿಲ್ಲದೆ ಬರೆಯುವ ಅಭ್ಯಾಸವನ್ನು ತರುಣನಿಗೆ ಕಲಿಸುವವರಾರು? ಕಾಲೇಜಿನಲ್ಲಿ ಗಣಿತವೂ ಇತಿಹಾಸವೂ ತತ್ತ್ವಶಾಸ್ತ್ರವೂ ಇಂಗ್ಲೀಷಿನಲ್ಲಿಯೇ ನಡೆಯುತ್ತಿದ್ದವು. ಆ ಭಾಷೆಯಲ್ಲಿ ಹಾಳೆಗಟ್ಟಲೆ ಬರೆಯಬಲ್ಲ ಪದವೀಧರನು, ಊರಿನ ತಂದೆಗೆ ಒಂದು ಕಾಗದವನ್ನು ನೆಟ್ಟಗೆ ಕನ್ನಡದಲ್ಲಿ ಬರೆಯಲು ತಡಕಾಡುವ ಪ್ರಸಂಗವು ಆಗ ಅಪರೂಪವಾಗಿರಲಿಲ್ಲ. ಓದಿದ ಮಗನ ಜ್ಞಾನವು ಓದದ ತಂದೆಗೆ ಮುಟ್ಟದಿದ್ದರೆ ಆ ಜ್ಞಾನದಿಂದ ಮನೆಗೇನು, ನಾಡಿಗೇನು? ಈ ಕೊರತೆಯನ್ನು ತುಂಬಿದ್ದು ಪಾಠಪಟ್ಟಿಯಲ್ಲ, ಪರೀಕ್ಷೆಯೂ ಅಲ್ಲ. ಪಾಠದ ವೇಳೆ ಮುಗಿದ ಮೇಲೆ ವಿದ್ಯಾರ್ಥಿಗಳು ತಾವಾಗಿ ಕೂಡಿ ನಡೆಯಿಸಿದ ಸಂಘಗಳು. ಅವುಗಳಲ್ಲಿ ಗಣ್ಯವಾದುದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ.

ಸೆಂಟ್ರಲ್ ಕಾಲೇಜಿನ ಮೂಲವು ೧೮೫೮ರಷ್ಟು ಹಿಂದಿನದು. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾಲಯವು ಸ್ಥಾಪಿತವಾದಾಗ ಈ ಕಾಲೇಜೂ ಅದರೊಳಗೆ ಸೇರಿತು. ಅದಕ್ಕೆ ಹಿಂದಿನ ವರ್ಷವೇ, ಅಂದರೆ ೧೯೧೫ರಲ್ಲಿ, ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿತ್ತು. ಆದರೆ ಪರಿಷತ್ತು ಪಂಡಿತರ ಸಭೆ. ಹದಿನೆಂಟು ಇಪ್ಪತ್ತು ವಯಸ್ಸಿನ ಹುಡುಗನು ತನ್ನ ಮೊದಲನೆಯ ಲೇಖನವನ್ನು ಹಿಡಿದುಕೊಂಡು ಅಲ್ಲಿ ಹೋಗಿ ನಿಲ್ಲಲು ಅಂಜುವನು. ಕಾಲೇಜಿನೊಳಗಾದರೋ ಕನ್ನಡಕ್ಕೆ ಮನ್ನಣೆಯೇ ಕಡಿಮೆ. ಭಾಷೆಯು ಹೊಸ ವಿಚಾರಗಳನ್ನು ಹೇಳಲು ಸಾಲದೆಂಬ ತಾತ್ಸಾರವು ಬಲ್ಲವರಲ್ಲಿಯೇ ಇತ್ತು.

ಈ ತಾತ್ಸಾರಕ್ಕೆ ಎದುರಾಗಿ ಎದ್ದ ಧ್ವನಿಗಳಲ್ಲಿ ಒಂದು ಈ ಪ್ರಾಂತಕ್ಕೆ ಸಂಬಂಧಪಟ್ಟಿದ್ದೆಂಬುದು ಅಭಿಮಾನದ ಸಂಗತಿ. ಧಾರವಾಡದಲ್ಲಿ ರಾ. ಹ. ದೇಶಪಾಂಡೆಯವರೇ ಮೊದಲಾದ ಮಹನೀಯರು ೧೮೯೦ರಲ್ಲಿ ಕಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘಕ್ಕೆ ೧೯೧೧ರಲ್ಲಿ ಮೈಸೂರಿನಿಂದ ಒಬ್ಬ ಇಂಗ್ಲೀಷ ಅಧ್ಯಾಪಕರು ಬಂದು 'ಕನ್ನಡ ಮಾತು ತಲೆಯೆತ್ತುವ ಬಗೆ' ಎಂಬ ವಿಷಯವಾಗಿ ಭಾಷಣ ಮಾಡಿದರು. ಅವರೇ ಬಿ. ಎಂ. ಶ್ರೀಕಂಠಯ್ಯನವರು. ಇಂಗ್ಲೀಷ ಕಲಿಸುವವರೇ ಕನ್ನಡಕ್ಕೆ ನಿಂತದ್ದನ್ನು ಕಂಡು ತರುಣರ ಮನಸ್ಸಿನ ಕೀಳರಿಮೆಯು ಸಡಿಲವಾಯಿತು. ಸೆಂಟ್ರಲ್ ಕಾಲೇಜಿನಲ್ಲಿಯೂ ಇಂಥ ಮಾದರಿಯೊಂದು ಕಣ್ಣೆದುರಿಗೆ ಇತ್ತು. ಅಲ್ಲಿಯ ಭೌತಶಾಸ್ತ್ರದ ಅಧ್ಯಾಪಕರಾದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಕೂಡಿ ೧೯೧೮ರಲ್ಲಿ 'ವಿಜ್ಞಾನ'ವೆಂಬ ಕನ್ನಡ ಪತ್ರಿಕೆಯನ್ನು ತೆಗೆದರು. ಅದು ನಡೆದದ್ದು ಸುಮಾರು ಎರಡೇ ವರ್ಷ; ಆದರೂ ಶಾಸ್ತ್ರವಿಷಯವನ್ನು ಕನ್ನಡದಲ್ಲಿ ಬರೆಯಬಹುದೆಂಬ ಧೈರ್ಯವನ್ನು ಬಿಟ್ಟುಹೋಯಿತು.

ಇಂಥ ನೆಲದಲ್ಲಿ ಬೀಜ ಬಿತ್ತಿದವರು ಎ. ಆರ್. ಕೃಷ್ಣಶಾಸ್ತ್ರಿಗಳು. ಚಿಕ್ಕಮಗಳೂರು ಸೀಮೆಯ ಅಂಬಳೆಯವರಾದ ಇವರು ೧೮೯೦ರಲ್ಲಿ ಜನಿಸಿದರು; ಸಂಸ್ಕೃತ ಕನ್ನಡಗಳೆರಡರಲ್ಲಿಯೂ ಗಟ್ಟಿಯಾದ ವಿದ್ಯೆಯನ್ನು ಪಡೆದು ಅಧ್ಯಾಪಕವೃತ್ತಿಯನ್ನು ಹಿಡಿದರು. ಸೆಂಟ್ರಲ್ ಕಾಲೇಜಿನಲ್ಲಿ ಕನ್ನಡದ ಅಭಿಮಾನವುಳ್ಳ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕರ್ನಾಟಕ ಸಂಘವನ್ನು ಸ್ಥಾಪಿಸಿದರು. ೧೯೧೯ರಲ್ಲಿ ಆ ಸಂಘದ ತ್ರೈಮಾಸಿಕವಾಗಿ 'ಪ್ರಬುದ್ಧ ಕರ್ನಾಟಕ'ವು ಹೊರಬಿತ್ತು. ಪ್ರಬುದ್ಧವೆಂದರೆ ಎಚ್ಚೆತ್ತದ್ದು. ಹೆಸರಿನಲ್ಲಿಯೇ ಉದ್ದೇಶವು ಅಡಗಿತ್ತು: ಮಲಗಿದ ನಾಡು ಎಚ್ಚರಾಗಬೇಕು, ಆದರೆ ಅದಕ್ಕೆ ಮೊದಲು ನಾಡನ್ನು ಎಚ್ಚರಿಸುವ ಹುಡುಗನು ತಾನು ಎಚ್ಚರಾಗಬೇಕು.

ಕಾಲೇಜಿನ ಸಂಘವೊಂದು ಪತ್ರಿಕೆಯನ್ನು ನಡೆಸುವದೆಂದರೆ ಅದೇನು ಸುಲಭದ ಕೆಲಸವಲ್ಲ. ಲೇಖನಗಳನ್ನು ಬೇಡಿ ತರಬೇಕು, ಬಂದವುಗಳನ್ನು ಓದಿ ಯೋಗ್ಯಾಯೋಗ್ಯಗಳನ್ನು ಆರಿಸಬೇಕು, ಅಚ್ಚುಕೂಟದಿಂದ ಬಂದ ಕರಡುಗಳನ್ನು ತಿದ್ದಬೇಕು, ಚಂದಾದಾರರನ್ನು ಕೂಡಿಸಬೇಕು, ಸಂಚಿಕೆಗಳನ್ನು ಸುತ್ತಿ ವಿಳಾಸ ಬರೆದು ಟಪ್ಪಾಲಿಗೆ ಹಾಕಬೇಕು. ಸಂಬಳದ ಆಳುಗಳನ್ನಿಡುವಷ್ಟು ಹಣವು ಇಂಥ ಸಂಘಗಳ ಬಳಿ ಎಲ್ಲಿಂದ ಬರಬೇಕು? ಗುರುಶಿಷ್ಯರು ಕೂಡಿ ದುಡಿಯುವದೊಂದೇ ದಾರಿ. ಮೇಲುನೋಟಕ್ಕೆ ಇವೆಲ್ಲ ಕೂಲಿಯ ಕೆಲಸಗಳಾಗಿ ತೋರುವವು. ನಿಜವಾಗಿ ನೋಡಿದರೆ ಇವೇ ಬರವಣಿಗೆಯ ಪಾಠಗಳು. ಇನ್ನೊಬ್ಬನ ಲೇಖನದ ಕರಡನ್ನು ಅಕ್ಷರ ಅಕ್ಷರವಾಗಿ ತಿದ್ದಿದವನು ತನ್ನ ಲೇಖನದಲ್ಲಿ ಅಡ್ಡಾದಿಡ್ಡಿಯಾಗಿ ಬರೆಯಲು ನಾಚುವನು. ಹತ್ತು ಲೇಖನಗಳೊಳಗೆ ಎರಡನ್ನು ಆರಿಸಿದವನಿಗೆ ತನ್ನದು ಆ ಎಂಟರಲ್ಲಿ ಬೀಳುವದೋ ಎರಡರಲ್ಲಿ ಬೀಳುವದೋ ಎಂಬ ವಿವೇಕವು ತಾನಾಗಿ ಬರುವದು.

ಪಾಠಶಾಲೆಯ ನಿಬಂಧಕ್ಕೂ ಸಂಘದ ಲೇಖನಕ್ಕೂ ಇರುವ ಅಂತರವನ್ನು ಇಲ್ಲಿ ಗಮನಿಸಬೇಕು. ಶಾಲೆಯ ನಿಬಂಧವನ್ನು ಓದುವವನು ಒಬ್ಬನೇ, ಅವನೂ ಗುಣ ಹಾಕುವದಕ್ಕಾಗಿ ಓದುವವನು. ಅವನಿಗೆ ವಿಷಯವು ಮೊದಲೇ ಗೊತ್ತಿರುವದು. ಸಂಘದ ಲೇಖನವನ್ನು ಓದುವವರು ಹಲವರು. ತಿಳಿಯದಿದ್ದರೆ 'ತಿಳಿಯಲಿಲ್ಲ'ವೆಂದು ಮುಖದ ಮೇಲೆಯೇ ಹೇಳುವ ಸಮವಯಸ್ಕರು. ಗುರುವಿನ ಕೆಂಪು ಗೆರೆಗಿಂತ ಗೆಳೆಯನ ಈ ಒಂದು ಮಾತು ಹೆಚ್ಚು ತಿದ್ದುವದು. ಗುರುವಿನ ಕೆಲಸವು ಇಲ್ಲಿ ಇಲ್ಲವೆಂದಲ್ಲ. ಗೆಳೆಯರ ಮಾತು ಹೊಗಳಿಕೆಗೂ ಹೊಟ್ಟೆಕಿಚ್ಚಿಗೂ ಜಾರದಂತೆ ಕಾಯುವ ಒಬ್ಬ ಹಿರಿಯನು ಹಿಂದೆ ನಿಂತಿರಬೇಕು. ಕೃಷ್ಣಶಾಸ್ತ್ರಿಗಳು ಅಂಥ ಹಿರಿಯರು. ಅವರಿಗೆ ಬೆಂಬಲವಾಗಿ ನಿಂತ ಆಪ್ತಮಿತ್ರರು ತಳುಕಿನ ವೆಂಕಣ್ಣಯ್ಯನವರು.

ಶರಣಸಾಹಿತ್ಯವನ್ನು ಬಲ್ಲವರಿಗೆ ಈ ಪದ್ಧತಿಯು ಹೊಸದಾಗಿ ತೋರಲಾರದು. ಶೂನ್ಯಸಂಪಾದನೆಗಳು ಚಿತ್ರಿಸುವ ಅನುಭವಗೋಷ್ಠಿಯಲ್ಲಿ ಯಾರ ನುಡಿಯೂ ಪರೀಕ್ಷೆಯಿಲ್ಲದೆ ಸಲ್ಲುವದಿಲ್ಲ. ಬಂದವರು ತಮ್ಮ ಮಾತನ್ನು ಮುಂದಿಡುವರು. ಅಲ್ಲಮಪ್ರಭುವು ಪ್ರಶ್ನೆ ಹಾಕುವನು. ಉಳಿದವರು ಒರೆಗೆ ಹಚ್ಚುವರು. ಜಾತಿ, ಕಸುಬು, ಸ್ತ್ರೀಪುರುಷಭೇದಗಳು ಅಲ್ಲಿ ಅಡ್ಡ ಬರಲಿಲ್ಲ. ಆ ಮಹಾಗೋಷ್ಠಿಗೂ ಕಾಲೇಜು ಹುಡುಗರ ಸಂಘಕ್ಕೂ ಹೋಲಿಕೆ ಮಾಡುವದು ಮೇರುವಿಗೂ ಮಿಟ್ಟಿಗೂ ಹೋಲಿಕೆ ಮಾಡಿದಂತಾದೀತು. ಆದರೂ ಮಾತನ್ನು ಸಮಾನರ ನಡುವೆ ಇಟ್ಟು ಶುದ್ಧಮಾಡಿಕೊಳ್ಳಬೇಕೆಂಬ ತತ್ತ್ವವು ಎರಡಕ್ಕೂ ಒಂದೇ ಆಗಿರುವದು.

ಫಲವು ಬೇಗನೆ ಕಾಣಿಸಿತು. ಕನ್ನಡದಲ್ಲಿ ಬರೆಯಬಲ್ಲ, ವಿಚಾರ ಮಾಡಬಲ್ಲ ತರುಣರಿದ್ದಾರೆಂಬುದನ್ನು ಈ ಪತ್ರಿಕೆಯು ಸಂಚಿಕೆಯ ಮೇಲೆ ಸಂಚಿಕೆಯಾಗಿ ತೋರಿಸಿಕೊಟ್ಟಿತು. ೧೯೨೭ರಲ್ಲಿ ಮೈಸೂರು ವಿಶ್ವವಿದ್ಯಾಲಯವು ಕನ್ನಡ ಎಂ. ಎ. ತರಗತಿಯನ್ನು ತೆರೆಯಿತು, ವೆಂಕಣ್ಣಯ್ಯನವರ ಕೈಯಲ್ಲಿ ಓದಿ ೧೯೨೯ರಲ್ಲಿ ಹೊರಬಿದ್ದ ಮೊದಲ ತಂಡದಲ್ಲಿ ಡಿ. ಎಲ್. ನರಸಿಂಹಾಚಾರ್ಯರೂ ಕುವೆಂಪು ಅವರೂ ಇದ್ದರು. ಕುವೆಂಪು ಅವರ ವೃತ್ತಾಂತವು ಇಲ್ಲಿ ನೆನೆಯತಕ್ಕದ್ದು. ಅವರು ಹುಡುಗರಾಗಿದ್ದಾಗ ಇಂಗ್ಲೀಷಿನಲ್ಲಿಯೇ ಪದ್ಯ ಬರೆಯುತ್ತಿದ್ದು, ೧೯೨೨ರಲ್ಲಿ ಒಂದು ಪುಸ್ತಕವನ್ನೂ ಪ್ರಕಟಿಸಿದ್ದರು. ೧೯೨೪ರಲ್ಲಿ ಮೈಸೂರಿಗೆ ಬಂದ ಐರಿಶ್ ಕವಿ ಜೇಮ್ಸ್ ಕಸಿನ್ಸರು ಅವನ್ನು ನೋಡಿ, ನಿನ್ನ ಮಾತೃಭಾಷೆಯಲ್ಲಿ ಬರೆಯೆಂದು ಬುದ್ಧಿ ಹೇಳಿದರು. ಬುದ್ಧಿಮಾತು ಬೀಜದಂತಹದು, ಅದು ಬೇರುಬಿಡಲು ಹದವಾದ ನೆಲವು ಬೇಕು. ಕನ್ನಡವನ್ನು ಕುತೂಹಲದಿಂದ ಓದುವ, ತಿದ್ದುವ, ಅಚ್ಚುಹಾಕುವ ಬಳಗವು ಆ ಹೊತ್ತಿಗೆ ಸಿದ್ಧವಾಗಿತ್ತು. ಮುಂದೆ ಆ ಕವಿಯು ೧೯೪೯ರಲ್ಲಿ ತಮ್ಮ 'ಶ್ರೀರಾಮಾಯಣದರ್ಶನಂ' ಮಹಾಕಾವ್ಯವನ್ನು ಅರ್ಪಿಸಿದ್ದು ಗುರುಗಳಾದ ವೆಂಕಣ್ಣಯ್ಯನವರಿಗೇ.

ಸಂಘದಿಂದ ಗುರುವಿಗೂ ಲಾಭವಾಯಿತು. ವಿದ್ಯಾರ್ಥಿಗಳ ವಾಕ್ಯಗಳನ್ನು ತಿದ್ದುತ್ತ ತಿದ್ದುತ್ತ ಕೃಷ್ಣಶಾಸ್ತ್ರಿಗಳ ಸ್ವಂತ ಗದ್ಯವು ತಿಳಿಯಾಯಿತೆಂದರೆ ತಪ್ಪಾಗಲಾರದು. ೧೯೫೦ರಲ್ಲಿ ಪ್ರಕಟವಾದ ಅವರ 'ವಚನಭಾರತ'ವು ಪಂಡಿತರಿಂದ ಹಿಡಿದು ಹಳ್ಳಿಯ ಅಕ್ಷರಸ್ಥರವರೆಗೆ ಎಲ್ಲರ ಕೈಯಲ್ಲಿಯೂ ಸಲ್ಲುವ ಗ್ರಂಥವಾಯಿತು. ಅವರ 'ಬಂಕಿಮಚಂದ್ರ'ಕ್ಕೆ ೧೯೬೧ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿಯು ಬಂದಿತು. ಹುಡುಗರಿಗೆ ತಿಳಿಯುವಂತೆ ಬರೆಯಿರೆಂದು ಹೇಳಿದವರು ತಾವೂ ಹಾಗೆಯೇ ಬರೆದು ತೋರಿಸಿದರು.

ಉತ್ತರ ಕರ್ನಾಟಕದ ಸ್ಥಿತಿಯು ಆಗ ಬೇರೆಯಾಗಿತ್ತು. ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳಿಗೆ ೧೯೧೭ರಲ್ಲಿ ಧಾರವಾಡದ ಕರ್ನಾಟಕ ಕಾಲೇಜು ಆಗುವವರೆಗೆ ತಮ್ಮದೆಂಬ ಕಾಲೇಜೇ ಇರಲಿಲ್ಲ. ಓದುವ ಹುಡುಗನು ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. ಧಾರವಾಡದ ದ. ರಾ. ಬೇಂದ್ರೆಯವರು ಹಾಗೆ ಪುಣೆಯ ಫರ್ಗ್ಯುಸನ್ ಕಾಲೇಜಿಗೆ ಹೋದವರು. ಮರಾಠಿಯ ನಡುವೆ ಇದ್ದುಕೊಂಡು ಅವರು ೧೯೧೫ರಲ್ಲಿ ಕಾವ್ಯಪ್ರೇಮಿಗಳ 'ಶಾರದಾ ಮಂಡಲ'ವನ್ನು ಕಟ್ಟಿದವರಲ್ಲಿ ಒಬ್ಬರಾದರು. ಊರಿಗೆ ಮರಳಿ ಶಿಕ್ಷಕರಾದ ಮೇಲೆ ೧೯೨೨ರ ಸುಮಾರಿಗೆ ಅವರ ಸುತ್ತ 'ಗೆಳೆಯರ ಗುಂಪು' ನೆರೆಯಿತು. ಅದು ಕಾಲೇಜಿನ ಸಂಘವಲ್ಲ. ಅದಕ್ಕೆ ಕಟ್ಟಡವಿಲ್ಲ, ನಿಯಮಗಳಿಲ್ಲ. ಆದರೆ ಕರ್ನಾಟಕ ಕಾಲೇಜಿನ ವಿದ್ಯಾರ್ಥಿಗಳಿಗೆ ಅದರ ಬಾಗಿಲು ತೆರೆದಿತ್ತು, ವಿ. ಕೃ. ಗೋಕಾಕರು ವಿದ್ಯಾರ್ಥಿದೆಶೆಯಲ್ಲಿಯೇ ಬೇಂದ್ರೆಯವರನ್ನು ಗುರುವೆಂದು ಕಂಡುಕೊಂಡದ್ದು ಈ ವಾತಾವರಣದಲ್ಲಿ. ೧೯೨೯ರಲ್ಲಿ ಬೆಳಗಾವಿಯಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಅಧ್ಯಕ್ಷತೆಯಲ್ಲಿ ಕೂಡಿದ ಸಾಹಿತ್ಯ ಸಮ್ಮೇಲನದಲ್ಲಿ ಬೇಂದ್ರೆಯವರು ಕವಿತೆ ಓದಿದಾಗ ಇಡೀ ಸಭೆಯು ಬೆರಗಾಯಿತು. ಬೆಂಗಳೂರಿನಲ್ಲಿ ಕಾಲೇಜಿನೊಳಗೆ ನಡೆದ ಕೆಲಸವು ಧಾರವಾಡದಲ್ಲಿ ಗೆಳೆತನದೊಳಗೆ ನಡೆಯಿತು. ಎರಡರ ನೀರೂ ಒಂದೇ ಹೊಳೆಗೆ ಸೇರಿತು.

ಮನೋಳಿಯ ಸುತ್ತಣ ಸೀಮೆಯು ಈ ಚರಿತ್ರೆಯಲ್ಲಿ ಬರಿಯ ಪ್ರೇಕ್ಷಕನಾಗಿ ಉಳಿಯಲಿಲ್ಲ. ಸವದತ್ತಿ ತಾಲೂಕಿಗೆ ಪರಸಗಡ ತಾಲೂಕೆಂಬ ಹೆಸರಿದ್ದ ಕಾಲದಲ್ಲಿ, ಇದೇ ತಾಲೂಕಿನ ಸಿರಸಂಗಿಯ ದೇಸಾಯಿಯವರಾದ ತ್ಯಾಗವೀರ ಲಿಂಗರಾಜರು (೧೮೬೧–೧೯೦೬) ತಮ್ಮ ಸಂಸ್ಥಾನದ ಉತ್ಪನ್ನವನ್ನು ಮಕ್ಕಳ ವಿದ್ಯಾಭ್ಯಾಸಕ್ಕೆ ಬಿಟ್ಟುಕೊಟ್ಟರು. ೧೯೦೪ರಲ್ಲಿ ಧಾರವಾಡದಲ್ಲಿ ಕೂಡಿದ ವೀರಶೈವ ಮಹಾಸಭೆಯ ಪ್ರಥಮಾಧಿವೇಶನಕ್ಕೆ ಅಧ್ಯಕ್ಷರಾದವರೂ ಅವರೇ. ಅವರ ದಾನದಿಂದ ಓದಿದವರು ಎಷ್ಟೋ ಮನೆಗಳಲ್ಲಿ ಮೊದಲನೆಯ ಪದವೀಧರರಾದರು. ೧೯೧೬ರಲ್ಲಿ ಏಳು ಜನ ತರುಣ ಶಿಕ್ಷಕರು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸೈಟಿಯನ್ನು ಕಟ್ಟಿದರು; ಆ ಸಂಸ್ಥೆಯು ೧೯೩೩ರಲ್ಲಿ ತೆರೆದ ಕಾಲೇಜಿಗೆ ಲಿಂಗರಾಜರ ಹೆಸರನ್ನೇ ಇಟ್ಟಿತು. ಆ ಏಳು ಜನರಲ್ಲಿ ಒಬ್ಬರಾದ ಶಿ. ಶಿ. ಬಸವನಾಳರು ಲಿಂಗರಾಜ ಕಾಲೇಜಿನ ಇಂಗ್ಲೀಷ ಅಧ್ಯಾಪಕರಾಗಿದ್ದ ಕೆ. ಆರ್. ಶ್ರೀನಿವಾಸ ಅಯ್ಯಂಗಾರ್ಯರೊಡನೆ ಕೂಡಿ ಬಸವಣ್ಣನವರ ವಚನಗಳನ್ನು ಇಂಗ್ಲೀಷಿಗೆ ಪರಿವರ್ತಿಸಿ ೧೯೪೦ರಲ್ಲಿ ಪ್ರಕಟಿಸಿದರು. ಇಬ್ಬರು ಕೂಡಿ ಕುಳಿತು, ಒಬ್ಬನ ಕನ್ನಡವನ್ನು ಇನ್ನೊಬ್ಬನ ಇಂಗ್ಲೀಷಿನೊಡನೆ ಒರೆದು ನೋಡಿದ ಈ ಕೆಲಸವೂ ಕೂಡಿ ಬರೆಯುವ ಪದ್ಧತಿಯ ಫಲವೇ.

ಚರಿತ್ರೆಯು ಬರಿಯ ಹೊಗಳಿಕೆಯಾಗಬಾರದು. ಆದ ಕುಂದನ್ನೂ ಹೇಳಬೇಕು. 'ಪ್ರಬುದ್ಧ ಕರ್ನಾಟಕ'ವು ಬೆಳೆದಂತೆ ಅದರ ಭಾರವೂ ಬೆಳೆಯಿತು. ಮುಂದೆ ಅದನ್ನು ಮೈಸೂರು ವಿಶ್ವವಿದ್ಯಾಲಯವು ತನ್ನ ಕೈಗೆ ತೆಗೆದುಕೊಂಡಿತು. ಇದರಿಂದ ಪತ್ರಿಕೆಯ ಆಯುಷ್ಯವು ಗಟ್ಟಿಯಾಯಿತೆಂಬುದರಲ್ಲಿ ಸಂದೇಹವಿಲ್ಲ. ೨೦೧೯ರಲ್ಲಿ ಅದು ಆರಂಭವಾಗಿ ೧೦೦ ವರ್ಷಗಳು ತುಂಬಿದವು. ಕನ್ನಡದಲ್ಲಿ ಇಷ್ಟು ಬಾಳಿದ ಪತ್ರಿಕೆಗಳು ಎಷ್ಟಿವೆ? ಆದರೆ ಪಂಡಿತರ ಸಂಶೋಧನೆಗಳು ತುಂಬಿದ ಪತ್ರಿಕೆಯಲ್ಲಿ ಹೊಸದಾಗಿ ಬರೆಯುವ ಹುಡುಗನಿಗೆ ತಾವು ಎಲ್ಲಿ? ಯಾವ ವಿದ್ಯಾರ್ಥಿಗಳ ಸಲುವಾಗಿ ಗಿಡವನ್ನು ನೆಟ್ಟರೋ ಆ ವಿದ್ಯಾರ್ಥಿಗಳ ಕೈಗೆ ಅದರ ಕೊಂಬೆಯು ನಿಲುಕದಂತಾಯಿತು. ಇದು ಯಾರ ತಪ್ಪೂ ಅಲ್ಲ. ಚಿಕ್ಕದಾಗಿ ಹುಟ್ಟಿದ್ದು ದೊಡ್ಡದಾಗುವದು, ದೊಡ್ಡದಾದದ್ದು ದೂರವಾಗುವದು. ಸಂಸ್ಥೆಗಳ ಧರ್ಮವೇ ಹಾಗಿರುವದು. ಆದ್ದರಿಂದ ಪ್ರತಿಯೊಂದು ತಲೆಮಾರಿಗೂ ಹೊಸ ಸಸಿಯನ್ನು ನೆಡುವ ಕೈಗಳು ಬೇಕಾಗುವವು.

ಅಂಥ ಕೈಗಳು ದೊರೆತವೆಂಬುದೇ ಸಮಾಧಾನ. ಸೆಂಟ್ರಲ್ ಕಾಲೇಜಿನಲ್ಲಿಯೇ ಜಿ. ಪಿ. ರಾಜರತ್ನಂ ಅವರು ಅಧ್ಯಾಪಕರಾಗಿ ಬಂದು ಹೊಸ ಹುಡುಗರನ್ನು ಬರೆಯಲು ಹುರಿದುಂಬಿಸಿದರು. ಭೂಗರ್ಭಶಾಸ್ತ್ರವನ್ನು ಓದುತ್ತಿದ್ದ ಕೆ. ಎಸ್. ನಿಸಾರ್ ಅಹಮದರು ಆ ಕಾಲೇಜಿನಲ್ಲಿ ಅವರ ಪ್ರೋತ್ಸಾಹವನ್ನು ಪಡೆದವರು. ಅವರ ಮೊದಲ ಕವನಸಂಗ್ರಹವು ೧೯೬೦ರಲ್ಲಿ ಬಂದಿತು. ಕಲ್ಲುಮಣ್ಣುಗಳ ಶಾಸ್ತ್ರವನ್ನು ಓದುವವನಿಗೂ, ಮನೆಯಲ್ಲಿ ಬೇರೆ ನುಡಿಯನ್ನಾಡುವವನಿಗೂ ಕನ್ನಡದ ಬಾಗಿಲು ತೆರೆದಿದೆಯೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ. ೧೯೬೪ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯವು ಸ್ಥಾಪಿತವಾದ ಮೇಲೆ ಸೆಂಟ್ರಲ್ ಕಾಲೇಜಿನ ಸ್ವರೂಪವೇ ಬದಲಾಯಿತು. ಆಗ ಅದೇ ಊರಿನ ಕ್ರೈಸ್ಟ್ ಕಾಲೇಜಿನಲ್ಲಿ ಚಿ. ಶ್ರೀನಿವಾಸರಾಜು ಅವರು ಕನ್ನಡ ಸಂಘವನ್ನು ಕಟ್ಟಿ ಬೆಳೆಸಿ, ಕಾಲೇಜು ವಿದ್ಯಾರ್ಥಿಗಳಿಗೆ ಕವನಸ್ಪರ್ಧೆಗಳನ್ನಿಟ್ಟು, ಅವರ ಬರವಣಿಗೆಯನ್ನು ಪುಸ್ತಕರೂಪದಲ್ಲಿ ಪ್ರಕಟಿಸುವ ಕಾರ್ಯವನ್ನು ನಡೆಸಿದರು. ಒಂದು ಕಡೆ ಆರಿದ ದೀಪದಿಂದ ಇನ್ನೊಂದು ಕಡೆ ಬತ್ತಿ ಹೊತ್ತುವದು ಸಾಧ್ಯವಿಲ್ಲ. ಆರುವ ಮೊದಲೇ ಯಾರೋ ಹೊತ್ತಿಸಿಕೊಂಡಿರಬೇಕು. ಕನ್ನಡದಲ್ಲಿ ಹಾಗೆ ಹೊತ್ತಿಸಿಕೊಂಡವರು ಇದ್ದರು.

ಈ ಚರಿತ್ರೆಯಿಂದ ತಿಳಿಯತಕ್ಕ ಸಾರವು ಇಷ್ಟೇ. ಬರೆಯುವ ವಿದ್ಯೆಗೆ ದೊಡ್ಡ ಕಟ್ಟಡ ಬೇಕಾಗಿಲ್ಲ, ದೊಡ್ಡ ನಿಧಿಯೂ ಬೇಕಾಗಿಲ್ಲ. ಅಂಜದೆ ಓದಿ ತೋರಿಸುವ ನಾಲ್ಕು ಜನ ಹುಡುಗ ಹುಡುಗಿಯರು, 'ಇಲ್ಲಿ ತಿಳಿಯಲಿಲ್ಲ, ಮತ್ತೆ ಬರೆ' ಎಂದು ಹೇಳುವ ಗೆಳೆತನ, ಮಾತು ಕೆಡದಂತೆ ನೋಡಿಕೊಳ್ಳುವ ಒಬ್ಬ ಹಿರಿಯ, ಕುಳಿತುಕೊಳ್ಳಲು ಒಂದು ಜಗಲಿ — ಇಷ್ಟಿದ್ದರೆ ಸಾಕು. ಮಠಗಳು ಒಂದು ಕಾಲಕ್ಕೆ ಅಕ್ಷರದ ಜಗಲಿಗಳೇ ಆಗಿದ್ದವು. ಅನ್ನವಿಕ್ಕಿ ಓದಿಸುವ ಪ್ರಸಾದನಿಲಯಗಳ ಮೂಲಕ ಆ ಧರ್ಮವನ್ನು ಈ ನಾಡಿನ ಮಠಗಳು ಹೊಸ ಕಾಲದಲ್ಲಿಯೂ ಪಾಲಿಸಿಕೊಂಡು ಬಂದಿರುವವು. ಉಂಡು ಓದಿದ ಮಗುವು ಸಂಜೆಯ ವೇಳೆಗೆ ಆ ಜಗಲಿಯ ಮೇಲೆಯೇ ಕುಳಿತು, ತನ್ನ ಊರಿನ ಹೊಳೆಯನ್ನೂ ಹೊಲವನ್ನೂ ಜನರ ಸುಖದುಃಖಗಳನ್ನೂ ತನ್ನ ಮಾತಿನಲ್ಲಿ ಬರೆದು ಗೆಳೆಯರಿಗೆ ಓದಿ ತೋರಿಸಿದರೆ, ಪಂಚಲಿಂಗೇಶ್ವರನ ಗುಡಿಯ ಕಲ್ಲಿನಲ್ಲಿ ಆರಂಭವಾದ ಬರವಣಿಗೆಯು ಮನೋಳಿಯಲ್ಲಿ ಮುಂದೆ ಸಾಗಿದಂತಾಯಿತು. ಆ ದಿನಗಳು ಬರುವಂತೆ ಶಿವನು ಕರುಣಿಸಲಿ.